ಏರಿದ ಅಂಕಿ

ಲ್ಯಾಬಿನ ಶಾಹೀನ ಕೊಟ್ಟ ಕಾಗದವನ್ನು ಸಂಗವ್ವ ಒಮ್ಮೆ ನೋಡಿದಳು, ಮಡಚಿ ಕುಬಸದೊಳಗೆ ಸೇರಿಸಿಬಿಟ್ಟಳು.

ಅಕ್ಷರ ಬಾರದಿದ್ದರೂ ಅಂಕಿ ಅವಳಿಗೆ ಗೊತ್ತು. ಮೊನ್ನೆ ಸೊಸೆಯ ರಕ್ತದಲ್ಲಿ ಇನ್ನೂರ ಹತ್ತು ಇತ್ತು. ಇವತ್ತು ನಾನೂರ ಅರವತ್ತು. ರಕ್ತದ ಅಂಕಿ ಏರಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಶುಗರ್ ಹೀಗೇ ಏರುತ್ತ ಏರುತ್ತ ಗಂಡನ ಕಾಲು ತೆಗೆಸಿತ್ತು. ತನ್ನದು ಏರಿದಾಗಲೆಲ್ಲ ಡಾಕ್ಟರು ಬೈಯುತ್ತಿದ್ದರು. ಈಗ ಈ ಹುಡುಗಿಯದೂ.

ಸೌಮ್ಯಾ ಮೂಲೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಹೋದ ವರ್ಷ ಹೊಟ್ಟೆಯಲ್ಲಿದ್ದದ್ದು ಎರಡು ತಿಂಗಳಿಗೇ ಹೋಗಿತ್ತು. ಈ ಸಲ ನಿಂತೀತೋ ಇಲ್ಲವೋ ಎಂಬುದಕ್ಕೆ ಈ ಪರೀಕ್ಷೆ ನೋಡಬೇಕು ಎಂದಿದ್ದರು ಡಾಕ್ಟರು. ಕೌಂಟರಿಗೆ ಹೋಗಲು ಹೆದರಿ ಅತ್ತೆಯನ್ನು ಕಳಿಸಿದ್ದಳು.

"ಬಂತೇನ್ರಿ ಅತ್ತಿ?"

"ಇಲ್ಲವಾ, ಇನ್ನೂ ತಡ ಐತಂತ. ನಡಿ, ಮನಿಗೆ ಹೋಗಿ ಎರಡು ತುತ್ತು ಉಂಡು ಬರೂಣು."

"ಯಾಕ ಸುಳ್ಳ ಹೇಳ್ತೀರಿ? ನಿಮ್ಮ ಮಾರಿ ನೋಡ್ಕೋರಿ ಒಮ್ಮೆ. ಎಲ್ಲೈತಿ ಕಾಗದ?"

ಮುಚ್ಚಿಡುವುದು ಸಂಗವ್ವನಿಗೆ ಯಾವತ್ತೂ ಬಂದದ್ದಲ್ಲ. ಕಾಗದ ತೆಗೆದು ಕೊಟ್ಟಳು. ಸೊಸೆ ಬಿದ್ದುಗಿದ್ದಾಳೆಂದು ಅವಳ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಎದಿ ಗಟ್ಟಿ ಮಾಡ್ಕೊ ತಂಗಿ. ಎರಡ ಪಟ್ಟ ಏರೈತಿ."

ಸೌಮ್ಯಾ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಅತ್ತೆಯ ಸೆರಗಿನಲ್ಲಿ ಮುಖ ಹುದುಗಿಸಿ ಬಿಕ್ಕತೊಡಗಿದಳು. ಸಂಗವ್ವನಿಗೂ ತಡೆಯಲಾಗಲಿಲ್ಲ. ಅಳುತ್ತ ಅಳುತ್ತಲೇ ಅವಳಿಗೆ ತಿಳಿಯಿತು, ಸೊಸೆ ನಗುತ್ತಿದ್ದಾಳೆ.

"ಏರಬೇಕ್ರಿ ಅತ್ತಿ, ಇದು ಏರಬೇಕು! ಕೂಸು ಬೆಳ್ಯಾಕತ್ತಿದ್ರ ಎರಡು ದಿನಕ್ಕ ಇಮ್ಮಡಿ ಆಗ್ತೈತಂತ. ಹೋದ ಸಲ ಏರಲೇ ಇಲ್ಲ."

"ಶುಗರ್ ಅಲ್ಲೇನು ಇದು?"

ಕೌಂಟರಿನಿಂದ ಶಾಹೀನ ನಕ್ಕಳು. "ಶುಗರ್ ನಿಮ್ದ್ರೀ ಅಮ್ಮಾ, ತಿಂಗಳಾ ರಕ್ತ ನಾನ ತಗೋತೇನಿ. ಇದು ಕೂಸಿಂದು. ನಾಡಿದ್ದ ಮತ್ತ ಕರಕೊಂಡು ಬರ್ರಿ, ಇನ್ನೂ ಏರಿರಬೇಕು."

ಸಂಗವ್ವ ಮೂಗೊರೆಸಿಕೊಂಡು ಗೋಡೆಯ ಮೇಲಿದ್ದ ಸಿದ್ಧಾರೂಢ ಅಜ್ಜನ ಫೋಟೋದ ಮುಂದೆ ಹೋಗಿ ನಿಂತಳು. ಇಲ್ಲಿಗೆ ಬಂದಾಗಲೆಲ್ಲ ಅಂಕಿ ಇಳಿಸಪ್ಪಾ ಎಂದೇ ಕೈಮುಗಿದವಳು.

"ಅಜ್ಜಾ, ನಂದು ಇಳಸು, ಅಕೀದು ಏರಸು," ಎಂದಳು. ಎರಡು ಹೆಜ್ಜೆ ಬಂದವಳು ಮತ್ತೆ ಹೊರಳಿ ನಿಂತಳು.

"ಅದಲಬದಲ ಮಾಡಿಬಿಟ್ಟೀಯಪಾ ಮತ್ತ!"