ತಾಕತ್ತಿನ ಸೂಜಿ

ಕುಸ್ತಿ ಶಿಬಿರ ಸೇರಿದ ನಾಲ್ಕೇ ತಿಂಗಳಲ್ಲಿ ನಿಂಗವ್ವನ ತೋಳುಗಳು ಅಂಗಿಯಲ್ಲಿ ಹಿಡಿಸದಷ್ಟು ಉಬ್ಬಿದ್ದವು. ಕುಸ್ತಿ ಕಲಿಸುವ ವಸ್ತಾದರು ವಾರಕ್ಕೊಮ್ಮೆ ಹಾಕಿಸುತ್ತಿದ್ದ ಸೂಜಿಗೆ ‘ತಾಕತ್ತಿನದು’ ಎಂದಷ್ಟೇ ಹೆಸರು. ಮುಟ್ಟು ನಿಂತು ಮೂರು ತಿಂಗಳಾದಾಗ ಅವಳು ಹೆದರಿದಳು. ಸೂಜಿಮದ್ದಿನ ಖಾಲಿ ಸೀಸೆಯೊಂದನ್ನು ಬಚ್ಚಿಟ್ಟುಕೊಂಡು ಹತ್ತಿರದ ಆಸ್ಪತ್ರೆಯ ಡಾಕ್ಟರಮ್ಮನ ಬಳಿ ಹೋದಳು.

ಡಾಕ್ಟರಮ್ಮ ಸೀಸೆಯ ಮೇಲಿನ ಚೀಟಿಯನ್ನು ಎರಡು ಸಲ ಓದಿದರು.

“ಇದು ಗಂಡಸರ ಹಾರ್ಮೋನು, ತಂಗಿ. ಸ್ನಾಯುವಿನ ಒಳಗ ಹೋಗಿ, ಮಲಗಿದ್ದ ಜೀನುಗಳನ್ನ ಎಬ್ಬಿಸ್ತದ. ಅದಕ್ಕ ತೋಳು ಹಿಂಗ ಬೆಳದಾವ.”

“ಚಲೋ ಆತಲ್ರಿ ಮತ್ತ?”

“ತೋಳಿನಾಗಿನವನ್ನ ಅಷ್ಟ ಎಬ್ಬಿಸಿ ಸುಮ್ನಾಗಂಗಿಲ್ಲ ಅದು. ಮೈತುಂಬ ಎಬ್ಬಿಸ್ಕೋತ ಹೊಂಟದ.”

“ಇವತ್ತ ಬಿಟ್ರ ಮೊದಲಿನಂಗ ಆಗ್ತೀನೇನ್ರಿ?”

“ತೋಳು ಇಳೀತಾವ. ಮುಟ್ಟೂ ಬರಬಹುದು. ಎಲ್ಲಾನೂ ಹಿಂದಕ್ಕ ಬರ್ತದ ಅಂತ ಹೇಳಾಕ ಬರಂಗಿಲ್ಲ. ಮೊದಲ ನಿಮ್ಮವ್ವನ್ನ ಕರಸು.”

ಶಿಬಿರ ಸೇರಿದ ದಿನವೇ ವಸ್ತಾದರು ಎಲ್ಲರ ಫೋನು ಇಸಿದುಕೊಂಡಿದ್ದರು. ಮನೆಯವರಿಗೆ ಕ್ಷೇಮ ತಿಳಿಸುತ್ತಿದ್ದವರೂ ಅವರೇ. ಅಂದು ಸಂಜೆ ನಿಂಗವ್ವ ಅವರ ಕಪಾಟಿನಿಂದ ತನ್ನ ಫೋನು ಕದ್ದಳು. ಬಚ್ಚಲಿನ ಚಿಲಕ ಹಾಕಿಕೊಂಡು, ನಾಲ್ಕು ತಿಂಗಳ ಮೇಲೆ ಮೊದಲ ಸಲ ಮನೆಗೆ ಫೋನು ಹಚ್ಚಿದಳು.

“ನಿಂಗೀ! ನನ್ನವ್ವಾ, ಅರಾಮದಿಯೇನ?” ಅವ್ವ ಹಿಗ್ಗಿನಿಂದ ಕೂಗಿದಳು.

“ಅವ್ವಾ, ನಾ ಇಲ್ಲಿ ಇರಂಗಿಲ್ಲ. ನನ್ನ ಮನೀಗೆ ಕರ್ಕೊಂಡು ಹೋಗು.”

ಅವ್ವ ಗಡುಸಾಗಿ ಕೇಳಿದಳು:

“ಯಾರಪಾ ತಮ್ಮಾ ನೀ? ನನ್ನ ಮಗಳ ಫೋನು ನಿನ್ನ ಕಡೆ ಹೆಂಗ ಬಂತು?”