ವಿಶಾಲುವಿನ ಫೋಟೋ

ಚನ್ನಕೇಶವನ ಕ್ಯಾಮರಾ, ಎಲ್ಲರ ಕ್ಯಾಮರಾದಂತೆಯೇ, ಎದುರಿಗಿದ್ದುದರ ಬಣ್ಣವನ್ನೆಲ್ಲ ಫೋಟೋಕ್ಕೆ ಎಳೆದುಕೊಳ್ಳುತ್ತಿತ್ತು. ಹೋದ ಬಣ್ಣ ಮರಳುತ್ತಿರಲಿಲ್ಲ. ಹೂವನ್ನು ಹತ್ತಿರದಿಂದ ತೆಗೆಯುವ ಹುಚ್ಚಿಗೆ ಹಿತ್ತಲಿನ ದಾಸವಾಳವೆಲ್ಲ ಬೂದಿಬಣ್ಣವಾಯಿತು. ಆಮೇಲೆ ನಿಸರ್ಗದೃಶ್ಯ ಹಿಡಿದ. ಎದುರಿನ ಗುಡ್ಡದ ಹಸಿರು ಹೋದ ಮೇಲೆ ನೆರೆಯವರು ಮಾತು ಬಿಟ್ಟರು. ಮನುಷ್ಯರತ್ತ ಮಾತ್ರ ಅವನು ಕ್ಯಾಮರಾ ತಿರುಗಿಸಿರಲಿಲ್ಲ.

ಈಗ ಹೆಂಡತಿ ವಿಶಾಲು ಕೆಂಪು ಸೀರೆಯುಟ್ಟು ಬೆಂಚಿನ ಮೇಲೆ ಕೂತಿದ್ದಳು. ನಾಳೆ ಅವಳಿಗೆ ಹಾರ್ಟ್ ಆಪರೇಷನ್.

"ಮುಖ ಎಲ್ಲ ಬೂದಿ ಆಗತ್ತೆ ಕಣೇ. ವಾಸಿಯಾಗಿ ಬಂದ್ರೂ ಹಾಗೇ ಇರತ್ತೆ."

"ಬರ್ದೇ ಇದ್ರೆ? ಬಣ್ಣ ಆದ್ರೂ ನಿಮ್ಮ ಹತ್ರ ಇರ್ಲಿ. ತೆಗೀರಿ."

ಅವನು ಎರಡು ಸಲ ಫೋಕಸ್ ಮಾಡಿ, ಒತ್ತದೆ ಕ್ಯಾಮರಾ ಇಳಿಸಿದ. ಕೊನೆಗೆ ಕ್ಯಾಮರಾವನ್ನು ಮೇಜಿನ ಮೇಲಿಟ್ಟು, ಟೈಮರ್ ಒತ್ತಿ, ಓಡಿ ಬಂದು ಅವಳ ಪಕ್ಕ ಕೂತ.

"ನೀವ್ಯಾಕೆ ಬಂದ್ರಿ?"

"ಅಲ್ಲಾಡ್ಬೇಡ," ಎಂದು ಅವಳ ಕೈ ಹಿಡಿದುಕೊಂಡ.