ಎರಡನೆಯ ಹೋಳು

"ನಾನು ಬಿಳಿಯರ ಶಾಲೆಗೆ ಕಾಲಿಟ್ಟ ದಿನ ಮಿಸಿಸಿಪ್ಪಿ ನದಿ ಹರಿಯೋದು ಬಿಟ್ಟು ಎದ್ದು ನಿಂತು ನೋಡಿತ್ತು ಕಣೇ," ಎಂದಳು ಒಡೆಸ್ಸಾ ಅಜ್ಜಿ, ಓವನ್ನಿನಿಂದ ಸಿಹಿಗೆಣಸಿನ ಪೈ ಹೊರತೆಗೆಯುತ್ತ. ಆ ಪೈ ವಾಸನೆಗೆ ಸತ್ತವರೂ ತಟ್ಟೆ ಹಿಡಿದು ಬರಬೇಕು, ಹಾಗಿತ್ತು.

ಮೊಮ್ಮಗಳು ಅಮಾರಿ ಮುಖ ಸಿಂಡರಿಸಿದಳು. ಕಪ್ಪು ಮಕ್ಕಳಿಗೊಂದು, ಬಿಳಿ ಮಕ್ಕಳಿಗೊಂದು ಶಾಲೆ ಇದ್ದ ಕಾಲ ಹೇಗೆ ಮುಗಿಯಿತು, ಕಣ್ಣಾರೆ ಕಂಡವರನ್ನೇ ಕೇಳಿಕೊಂಡು ಬನ್ನಿ ಎಂದು ಟೀಚರು ಹೇಳಿದ್ದರು. ನಾಳೆ ಎಲ್ಲರ ಮುಂದೆ ಅವಳು ಹೇಳಬೇಕು.

"ನದಿ ಹೆಂಗಜ್ಜಿ ಎದ್ದು ನಿಲ್ಲತ್ತೆ? ಕ್ಲಾಸಲ್ಲಿ ಎಲ್ಲ ನಗ್ತಾರೆ."

"ನಗಲಿ ಬಿಡು. ಗೇಟಿನ ಹತ್ರ ಜನ ನಂಗೆ ಬೈದು ಕೂಗಾಡ್ತಿದ್ರು. ಒಂದು ಸಲ ಸೀನಿದೆ ನೋಡು, ಅವರ ಟೋಪಿಗಳೆಲ್ಲ ಹಾರಿ ಎಲ್ಲೋ ದೂರದ ಮೆಂಫಿಸ್ ಊರಲ್ಲಿ ಬಿದ್ವು! ಊಟದ ಹೊತ್ತಿಗೆ ಮಹಾರಾಣಿ ಬಂದ ಹಾಗೆ ಇಡೀ ಮೇಜು ನನಗೊಬ್ಬಳಿಗೇ ಬಿಟ್ಕೊಟ್ರು. ಡಬ್ಬೀಲಿ ಅಮ್ಮ ಕಟ್ಟಿದ ಪೈ, ಒಂದಲ್ಲ, ಎರಡು ಹೋಳು."

"ಎರಡು ಯಾಕೆ?"

"ಒಂದು ನಂಗೆ, ಇನ್ನೊಂದು ಪಕ್ಕದಲ್ಲಿ ಕೂತೋರಿಗೆ. ನಮ್ಮನೇಲಿ ಪೈ ಯಾರೂ ಒಬ್ಬರೇ ತಿನ್ನಬಾರದು, ಗೊತ್ತಲ್ಲ?"

ಅಮಾರಿ ಹುಬ್ಬು ಗಂಟಿಕ್ಕಿದಳು. "ಇಡೀ ಮೇಜು ನಿನಗೊಬ್ಬಳಿಗೇ ಅಂದ್ಯಲ್ಲ ಅಜ್ಜಿ. ಮತ್ತೆ ಪಕ್ಕದಲ್ಲಿ ಯಾರು ಕೂತಿದ್ರು?"

ಪೈ ಕತ್ತರಿಸುತ್ತಿದ್ದ ಅಜ್ಜಿಯ ಚಾಕು ನಡುವೆಯೇ ನಿಂತುಬಿಟ್ಟಿತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದ ಒಡೆಸ್ಸಾ ಸುಮ್ಮನಾದದ್ದು ಕಂಡು ಕೇರಿಯ ನಾಯಿಗಳೂ ಬೊಗಳುವುದನ್ನು ನಿಲ್ಲಿಸಿದವು.

"ಯಾರೂ ಇಲ್ಲ ಮಗಳೇ. ನಾನು ಕೂತ ತಕ್ಷಣ ಎಲ್ಲರೂ ಎದ್ದು ಹೋದ್ರು. ವರ್ಷಪೂರ್ತಿ ಹಂಗೇ."

ಅಮಾರಿ ಕುರ್ಚಿ ಎಳೆದುಕೊಂಡು ಅಜ್ಜಿಗೆ ಒತ್ತಿ ಕೂತಳು. "ಆ ಇನ್ನೊಂದು ಹೋಳು?"

"ಮನೆಗೆ ಬರೋ ದಾರೀಲಿ, ಸೇತುವೆ ಕೆಳಗೆ ಕೂತು ನಾನೇ ತಿಂತಿದ್ದೆ. ತಿನ್ನೋಕೆ ಮನಸ್ಸೇ ಇರ್ತಿರಲಿಲ್ಲ. ಆದ್ರೆ ಉಳಿಸ್ಕೊಂಡು ಹೋದ್ರೆ ಅಮ್ಮಂಗೆ ಗೊತ್ತಾಗಿಬಿಡತ್ತಲ್ಲ. ಖಾಲಿ ಡಬ್ಬಿ ಕೈಗಿಟ್ಟು, 'ಅಮ್ಮಾ, ಇವತ್ತು ನಿನ್ನ ಪೈಗೆ ಹೊಡೆದಾಟಾನೇ ಆಯ್ತು' ಅಂತಿದ್ದೆ. ಬುರುಡೆ ಬಿಡೋದು ನಾನು ಕಲಿತದ್ದು ಹಂಗೆ ಕಣೇ."

ಅಜ್ಜಿ ಚಾಕುವನ್ನು ಮೆಲ್ಲನೆ ಕೆಳಗೊತ್ತಿದಳು.

"ಅಮ್ಮ ಹಿಗ್ಗಿ ಹೀರೇಕಾಯಾಗೋಳು. ಮಾರನೇ ದಿನ ಆ ಎರಡನೇ ಹೋಳು ಇನ್ನೂ ದೊಡ್ಡದಾಗಿರ್ತಿತ್ತು."